ಹಳೆಯ ಗಾಡಿಯ ಸ್ಟೇರಿಂಗ್: ರಿಪೇರಿ ಮಾಡಿಸುವುದಾ, ಹೊಸದು ಹಾಕಿಸುವುದಾ?

ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಸ್ಟೇರಿಂಗಿನಲ್ಲಿ ಮೊದಲ ಬಿರುಕು ಬೀಳುವುದು ನಡುವಿನ ಕಡ್ಡಿಯೂ ಕೈಯಲ್ಲಿ ಹಿಡಿಯುವ ಬಳೆಯೂ ಸೇರುವ ಜಾಗದಲ್ಲಿ. ಮೊದಮೊದಲು ಕೂದಲೆಳೆಯಷ್ಟೇ ಇರುತ್ತದೆ. ಎರಡು ಬೇಸಿಗೆ ಕಳೆಯುವಾಗ ಉಗುರು ಹೋಗುವಷ್ಟಾಗುತ್ತದೆ. ಆಮೇಲೆ ಒಂದು ಮಳೆಗಾಲ ಸಾಕು. ಒಳಗಿರುವ ಕಬ್ಬಿಣದ ಬಳೆಗೆ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನಷ್ಟು ಸೀಳುತ್ತದೆ. ಅಂಗೈಗೆ ಕಂದು ಬಣ್ಣ ಮೆತ್ತಿಕೊಳ್ಳುತ್ತದೆ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ, ಜೊತೆಗೆ ಕಡಲಿನ ಉಪ್ಪುಗಾಳಿ. ಹಾಗಾಗಿ ಇಲ್ಲಿ ಇದೆಲ್ಲ ಬೇಗ ಆಗುತ್ತದೆ.

ಆಗ ಮೂರು ದಾರಿ ಕಾಣುತ್ತವೆ. ಇದ್ದದ್ದನ್ನೇ ರಿಪೇರಿ ಮಾಡಿಸುವುದು, ಗುಜರಿಯಲ್ಲಿ ಇನ್ನೊಂದು ಅಸಲಿ ಹುಡುಕುವುದು, ಇಲ್ಲವೇ ಹೊರಗಿನ ಕಂಪೆನಿಯ ಹೊಸ ಸ್ಟೇರಿಂಗ್ ಹಾಕಿಸುವುದು. ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆ ಹಳೆ ಗಾಡಿ ಇಟ್ಟುಕೊಂಡ ನಾವು ನಾಲ್ಕೈದು ಮಂದಿ ಈ ಮೂರನ್ನೂ ಮಾಡಿ ನೋಡಿದ್ದೇವೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಳಗಿನ ಕಬ್ಬಿಣ ಗಟ್ಟಿ ಇದ್ದರೆ ರಿಪೇರಿ ಮಾಡಿಸಿ. ಕಬ್ಬಿಣವೇ ಹೋಗಿದ್ದರೆ ಹೊಸದು ಹಾಕಿಸಿ, ಆದರೆ ಅಸಲಿಯ ಅಳತೆಗೆ ಹತ್ತಿರವಾದದ್ದನ್ನೇ ಹಾಕಿಸಿ. ಚಂದ ನೋಡಿ ಚಿಕ್ಕದನ್ನು ಆರಿಸಬೇಡಿ. ನಾನು ಆ ತಪ್ಪು ಮಾಡಿದ್ದೇನೆ.

13 ಇಂಚು ಹಾಕಿಸಿದಾಗ ಆದದ್ದು

ಅಪ್ಪನ ಪದ್ಮಿನಿಗೆ ಒಂದು ಆಕ್ಸೆಸರಿ ಅಂಗಡಿಯಲ್ಲಿ 13 ಇಂಚಿನ ಸ್ಪೋರ್ಟ್ಸ್ ಸ್ಟೇರಿಂಗ್ ಹಾಕಿಸಿದ್ದೆ. ಕಪ್ಪು ಬಳೆ, ಮೂರು ಕಡ್ಡಿ, ನೋಡಲು ಬಹಳ ಚಂದ. ಮುಖ್ಯರಸ್ತೆಯಲ್ಲಿ ಬರುವಾಗ ಖುಷಿಯೇ ಆಯಿತು. ಕಷ್ಟ ಗೊತ್ತಾದದ್ದು ಮನೆಗೆ ತಿರುಗುವಾಗ. ನಮ್ಮ ಮನೆಯ ದಾರಿ ಅಡಿಕೆ ತೋಟದ ಬದಿಯಲ್ಲಿ ಏರಿಕೊಂಡು ಎರಡು ಕಡೆ ಮಡಚಿ ಹೋಗುತ್ತದೆ. ಮೊದಲು ಸಲೀಸಾಗಿ ತಿರುಗುತ್ತಿದ್ದ ಗಾಡಿಯನ್ನು ಈಗ ಭುಜ ಕೊಟ್ಟು ಎಳೆಯಬೇಕಾಯಿತು. ಅಪ್ಪನಿಗೆ ಆಗ ಎಪ್ಪತ್ತು ದಾಟಿತ್ತು. ಒಂದು ವಾರ ಓಡಿಸಿ ನೋಡಿದರು. "ಇದು ನನ್ನಿಂದಾಗದು ಮಗಾ" ಎಂದು ಕೀಲಿಕೈಯನ್ನು ನನ್ನ ಕೈಗೆ ಕೊಟ್ಟರು. ಅವರೇ ಕೊಂಡು, ಅವರೇ ಸಾಕಿದ ಗಾಡಿ ಅದು. ಅವರಿಂದ ಅದನ್ನು ಕಸಿದುಕೊಂಡ ಹಾಗಾಯಿತಲ್ಲ ಎಂದು ನನಗೆ ಬಹಳ ಬೇಸರವಾಯಿತು.

ಲೆಕ್ಕ ಸುಲಭ. ಬಳೆ ದೊಡ್ಡದಾದಷ್ಟು ಕೈಗೆ ಹಗುರ, ಚಿಕ್ಕದಾದಷ್ಟು ಭಾರ. 400 ಮಿಲಿಮೀಟರ್ ಅಗಲದ ಬಳೆ ತೆಗೆದು 350ರದ್ದು ಹಾಕಿದರೆ ಅದೇ ತಿರುವಿಗೆ ಏಳನೇ ಒಂದು ಪಾಲು ಜಾಸ್ತಿ ಬಲ ಬೇಕು. 13 ಇಂಚು ಅಂದರೆ 330. ಅದಕ್ಕೆ ಐದನೇ ಒಂದು ಪಾಲಿಗಿಂತಲೂ ಜಾಸ್ತಿ. ಓಡುವ ಗಾಡಿಯಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ನಿಂತಲ್ಲೇ ತಿರುಗಿಸುವಾಗ, ಏರಿನಲ್ಲಿ, ರಿವರ್ಸ್ ತೆಗೆಯುವಾಗ ತಿಳಿಯುತ್ತದೆ. ಪವರ್ ಸ್ಟೇರಿಂಗ್ ಇಲ್ಲದ ಕಾಲದ ಗಾಡಿಗಳಿಗೆ ದೊಡ್ಡ ಬಳೆ ಕೊಟ್ಟದ್ದು ಸುಮ್ನೆ ಅಲ್ಲ. ಮುಂದಿನ ಟಯರುಗಳನ್ನು ಅಸಲಿಗಿಂತ ಅಗಲದವು ಮಾಡಿಸಿದ್ದರೆ ಭಾರ ಇನ್ನೂ ಜಾಸ್ತಿ.

ಇನ್ನೆರಡು ತೊಂದರೆಗಳು ನಿಧಾನವಾಗಿ ಹೊರಗೆ ಬಂದವು. ಅಸಲಿ ಹಬ್‌ನ ಹಿಂದೆ ಒಂದು ಚಿಕ್ಕ ಮೊಳಕೆಯಂಥ ಉಬ್ಬು ಇರುತ್ತದೆ. (ಹಬ್ ಅಂದರೆ ಕಡ್ಡಿಗಳು ಸೇರುವ ನಡುವಿನ ಭಾಗ.) ತಿರುವು ಮುಗಿದು ಸ್ಟೇರಿಂಗ್ ವಾಪಸ್ ಬರುವಾಗ ಅದು ತಟ್ಟಿದರೆ ಇಂಡಿಕೇಟರ್ ತಾನಾಗಿ ಆಫ್ ಆಗುತ್ತದೆ. ನನಗೆ ಹಾಕಿಕೊಟ್ಟ ಅಗ್ಗದ ಕಿಟ್ಟಿನಲ್ಲಿ ಆ ಉಬ್ಬೇ ಇರಲಿಲ್ಲ. ಒಂದು ದಿನ ಸೀತಾಂಗೋಳಿಯಲ್ಲಿ ಬಲಕ್ಕೆ ತಿರುಗಿದವನು ಇಂಡಿಕೇಟರ್ ಮಿಣುಕಿಸಿಕೊಂಡೇ ಮುಂದೆ ಹೋದೆ. ಇವರು ಮತ್ತೆ ಬಲಕ್ಕೆ ತಿರುಗುತ್ತಾರೆ ಎಂದುಕೊಂಡು ಹಿಂದಿನ ಬೈಕಿನ ಹುಡುಗ ಎಡಬದಿಯಿಂದ ನುಗ್ಗಿದ. ನಾನು ಬಸ್ಸಿಗೆ ದಾರಿ ಬಿಡಲು ಅದೇ ಹೊತ್ತಿಗೆ ಎಡಕ್ಕೆ ಸರಿದೆ. ಸ್ವಲ್ಪದರಲ್ಲಿ ತಪ್ಪಿತು. ಮತ್ತೊಂದು, ಹಾರ್ನಿನದು. ಬಾಸ್, ಅಂದರೆ ಸ್ಟೇರಿಂಗನ್ನು ಗಾಡಿಗೆ ಜೋಡಿಸುವ ನಡುವಿನ ತುಂಡಿನ ಒಳಗೆ ವಯರ್ ಉಜ್ಜಿ ಉಜ್ಜಿ ಸಿಪ್ಪೆ ಹೋಗಿತ್ತು. ಜುಲೈ ತಿಂಗಳ ಒಂದು ರಾತ್ರಿ ಅಂಗಳದಲ್ಲಿ ನಿಂತ ಗಾಡಿ ತಾನಾಗಿ ಹಾರ್ನ್ ಹೊಡೆಯತೊಡಗಿತು. ಬ್ಯಾಟರಿಯ ವಯರ್ ಕಳಚುವವರೆಗೆ ನಿಲ್ಲಲಿಲ್ಲ.

ಕುಂಬಳೆಯ ನಮ್ಮ ಮೇಸ್ತ್ರಿ ಅದನ್ನೆಲ್ಲ ಬಿಚ್ಚಿ ನೋಡಿ ಹೇಳಿದ್ದು ಒಂದೇ ಮಾತು: "ಮಾಷ್ಟ್ರೇ, ಹಳೆಯದು ಇನ್ನೂ ಮನೆಯಲ್ಲಿದೆಯಾ?" ಇತ್ತು. ಈಗ ಗಾಡಿಯಲ್ಲಿ ಅದೇ ಇದೆ. ಅಪ್ಪ ಮತ್ತೆ ಓಡಿಸಿದರು.

ರಿಪೇರಿ ಯಾವಾಗ ಸಾಕು?

ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಿರುಕಿನ ಎರಡು ಬದಿಗೂ ಒತ್ತಿ ನೋಡಿ. ಪ್ಲಾಸ್ಟಿಕ್ ಮಾತ್ರ ಅಲ್ಲಾಡಿದರೆ ಚಿಂತೆ ಇಲ್ಲ. ಬಳೆಯೇ ಬಾಗಿದರೆ ಅಥವಾ ಕಿರ್ ಎಂದರೆ ಒಳಗಿನ ಕಬ್ಬಿಣ ತುಂಡಾಗಿದೆ, ಇಲ್ಲವೇ ಕಡ್ಡಿಯ ಬೆಸುಗೆ ಬಿಟ್ಟಿದೆ. ಅಂಥದ್ದನ್ನು ಮೇಲಿನಿಂದ ಮೆತ್ತಿ ಚಂದ ಮಾಡಬೇಡಿ. ಅದರ ಕತೆ ಮುಗಿಯಿತು.

ಕಬ್ಬಿಣ ಸರಿ ಇದ್ದರೆ ಕೆಲಸ ಮನೆಯಲ್ಲೇ ಆಗುತ್ತದೆ. ತಾಳ್ಮೆ ಬೇಕು ಅಷ್ಟೆ. ಬಿರುಕನ್ನು ಹ್ಯಾಕ್ಸಾ ಬ್ಲೇಡಿನಿಂದ ಕಬ್ಬಿಣದವರೆಗೂ ಅಗಲ ಮಾಡಿ. ಮೇಲೆ ಅಗಲ, ಕೆಳಗೆ ಕಿರಿದು ಇರಬೇಕು. ಕೂದಲೆಳೆ ಬಿರುಕಿಗೆ ಮೇಲ್ಗಡೆ ಮಾತ್ರ ಮೆತ್ತಿದ್ದು ನಿಲ್ಲುವುದಿಲ್ಲ. ತುಕ್ಕನ್ನು ವಯರ್ ಬ್ರಶ್ಶಿನಿಂದ ಉಜ್ಜಿ ತೆಗೆದು, ಎಂ-ಸೀಲ್ ಅಥವಾ ಅರಾಲ್ಡೈಟಿನಂಥ ಎರಡು ಭಾಗ ಕಲೆಸುವ ಎಪಾಕ್ಸಿ ತುಂಬಿ. ಒಂದು ದಿನ ಪೂರ್ತಿ ಬಿಡಿ. ಆಮೇಲೆ 80, 180, 320, 600 ನಂಬರಿನ ಮರಳುಕಾಗದದಲ್ಲಿ ಒಂದಾದ ಮೇಲೊಂದು ತಿಕ್ಕಿ, ಪ್ರೈಮರ್ ಹಾಕಿ, ಗಾಡಿಗೆ ಹೊಡೆಯುವ ಎರಡು ಭಾಗದ ಪೇಂಟನ್ನೇ ಹೊಡೆಯಿಸಿ. ಟಿಂಕರಿಂಗ್‌ನವರು ಗಾಡಿಯ ತಗಡಿಗೆ ಮೆತ್ತುವ ಪುಟ್ಟಿ ಬೇಡ. ಬಿಸಿಲಿಗೆ ಬಳೆ ಹಿಗ್ಗಿದಾಗ ಅದು ಮತ್ತೆ ಬಿಡುತ್ತದೆ. ಈ ಕೆಲಸಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು. ಗಾಳಿ ಒಣಗಿರುತ್ತದೆ. ಮಳೆಗಾಲದಲ್ಲಿ ಮಾಡಿದರೆ ತಿಕ್ಕಿದ ಕಬ್ಬಿಣಕ್ಕೆ ಮರುದಿನವೇ ತುಕ್ಕು ಬರುತ್ತದೆ, ಪೇಂಟಿನ ಮೇಲೆ ಹಾಲಿನಂಥ ಮಬ್ಬು ಕೂರುತ್ತದೆ.

ಪೇಂಟು ಬೇಡ, ಹಿಡಿತ ಬೇಕು ಎನ್ನುವವರು ಕುಶನ್ ಕೆಲಸದವರಲ್ಲಿ ಚರ್ಮ ಹೊಲಿಸಬಹುದು. ಬಳೆ ಸ್ವಲ್ಪ ದಪ್ಪವಾಗುತ್ತದೆ, ಕೈಗೆ ಹಿತವಾಗಿರುತ್ತದೆ. ಆದರೆ ಬಿರುಕು ತುಂಬಿಸಿದ ಮೇಲೆಯೇ ಹೊಲಿಸಿ. ತುಕ್ಕಿನ ಮೇಲೆ ಹೊಲಿದರೆ ಒಳಗೊಳಗೇ ಅದು ತಿನ್ನುತ್ತಾ ಹೋಗುತ್ತದೆ, ನಿಮಗೆ ಕಾಣುವುದೂ ಇಲ್ಲ. ಅಂಗಡಿಯಲ್ಲಿ ಸಿಗುವ ಎಳೆದು ಹಾಕುವ ಕವರ್ ಮಾತ್ರ ಬೇಡವೇ ಬೇಡ. ತಿರುವಿನಲ್ಲಿ ಅದು ಜಾರಿದರೆ ಕೈ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ.

ಗುಜರಿಯ ಅಸಲಿ

ಇದು ಸಿಕ್ಕಿದರೆ ಒಳ್ಳೆಯದು. ಸಿಗುವುದೇ ಕಷ್ಟ. ಮುಂಬಯಿಯ ಕುರ್ಲಾದ ಕಾರ್ಖಾನೆಯಿಂದ ಪದ್ಮಿನಿ ಬರುವುದು ನಿಂತು ಎರಡು ದಶಕ ಕಳೆಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ನಿಂತದ್ದು 2014ರ ಮೇ ತಿಂಗಳಲ್ಲಿ. ಮಾರುತಿ 800 ಕೂಡ ಅದೇ ವರ್ಷ ನಿಂತಿತು, ಆದರೆ ಅದರ ಸ್ಟೇರಿಂಗ್ ಇವತ್ತಿಗೂ ಯಾವ ಗುಜರಿಯಲ್ಲಾದರೂ ಸಿಗುತ್ತದೆ. ಕೊಳ್ಳುವಾಗ ಬಳೆಯ ಹೊಳಪಿಗಿಂತ ಮೊದಲು ಹಬ್‌ನ ಒಳಗಿನ ಹಲ್ಲುಗಳನ್ನು ಟಾರ್ಚ್ ಹಾಕಿ ನೋಡಿ. ಹಲ್ಲು ಸವೆದು ಗುಂಡಗಾಗಿದ್ದರೆ ಬಿಟ್ಟುಬಿಡಿ. ಒಂದೇ ಗಾಡಿಯಲ್ಲೂ ವರ್ಷಕ್ಕೆ ತಕ್ಕಂತೆ ಸ್ಟೇರಿಂಗ್ ಬೇರೆಯಾಗಿರಬಹುದು. ನಿಮ್ಮದನ್ನು ಬಿಚ್ಚಿ ಜೊತೆಗೇ ಕೊಂಡುಹೋಗಿ.

ಹೊಸದಾದರೆ ಯಾವುದು?

ಇಲ್ಲಿ ಬಳೆಗಿಂತ ಬಾಸ್ ಮುಖ್ಯ. ಹೊರಗಿನ ಸ್ಟೇರಿಂಗ್ ನೇರವಾಗಿ ನಿಮ್ಮ ಗಾಡಿಗೆ ಕೂರುವುದಿಲ್ಲ. ನಡುವೆ ಬಾಸ್ ಎಂಬ ಒಂದು ತುಂಡು ಬೇಕು. ಅದರ ಒಂದು ಬದಿ ಗಾಡಿಯ ಸ್ಟೇರಿಂಗ್ ಶಾಫ್ಟಿನ ಹಲ್ಲುಗಳಿಗೆ ಕೂರುತ್ತದೆ, ಇನ್ನೊಂದು ಬದಿಗೆ ಹೊಸ ಸ್ಟೇರಿಂಗ್ ಬೋಲ್ಟ್ ಆಗುತ್ತದೆ. ಬಾಸ್ ಗಾಡಿಗೆ ತಕ್ಕದ್ದಾಗಿರಬೇಕು. ಹಲ್ಲಿನ ಲೆಕ್ಕ, ಶಾಫ್ಟಿನ ದಪ್ಪ, ಓರೆ ಎಲ್ಲವೂ ಹೊಂದಬೇಕು. "ಸ್ವಲ್ಪ ತಟ್ಟಿದರೆ ಕೂರುತ್ತದೆ" ಎಂದು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪದ್ಮಿನಿಗೂ ಅಂಬಾಸಿಡರಿಗೂ ತಯಾರು ಬಾಸ್ ಸಿಗುವುದು ಕಷ್ಟ ಎಂದು ಕೆಲವರು ಹಳೆಯ ಹಬ್ ಕತ್ತರಿಸಿ ಅದಕ್ಕೆ ತಗಡು ವೆಲ್ಡ್ ಮಾಡಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಬೆಸುಗೆಯ ಬಿಸಿಗೆ ಹಬ್ ಸೊಟ್ಟಗಾಗಬಹುದು, ಬೆಸುಗೆಯ ಬದಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಬರಬಹುದು. ಬ್ರೇಕ್ ಹೋದರೂ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಲು ನೋಡಬಹುದು. ಸ್ಟೇರಿಂಗ್ ಕೈಗೆ ಬಂದರೆ ಏನು ಮಾಡುವುದು? ಬಾಸ್ ಸಿಗದಿದ್ದರೆ ಅಸಲಿಗೇ ವಾಪಸ್ ಹೋಗಿ.

ಬೋಲ್ಟ್ ತೂತಿನ ಅಳತೆಯಲ್ಲೂ ಒಂದು ಗೊಂದಲ ಇದೆ. ಹೆಚ್ಚಿನ ಸ್ಟೇರಿಂಗುಗಳಿಗೆ ಆರು ಬೋಲ್ಟು. ಎದುರುಬದುರಿನ ಎರಡು ತೂತುಗಳ ನಡುವೆ ಅಳೆದರೆ ಮೊಮೊ, ಸ್ಪಾರ್ಕೊ, ಒಎಂಪಿ ಕಂಪೆನಿಗಳ ಸ್ಟೇರಿಂಗಿನಲ್ಲಿ 70 ಮಿಲಿಮೀಟರ್ ಬರುತ್ತದೆ, ನಾರ್ಡಿ ಕಂಪೆನಿಯದ್ದರಲ್ಲಿ 74. ಬರಿಗಣ್ಣಿಗೆ ಎರಡೂ ಒಂದೇ. ಕೂರದಿದ್ದಾಗ ತೂತನ್ನು ಕೊರೆದು ಉದ್ದ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಬೋಲ್ಟು ಸಡಿಲವಾಗುತ್ತಲೇ ಇರುತ್ತದೆ. ಸ್ಟೇರಿಂಗ್ ಮತ್ತು ಬಾಸ್ ಎರಡನ್ನೂ ಒಟ್ಟಿಗೇ ಹೊಂದಿಸಿ ನೋಡಿ ಕೊಳ್ಳಿ. ದೊಡ್ಡ ಹೆಸರಿನ ನಕಲಿಗಳೂ ಬೇಕಾದಷ್ಟಿವೆ. ಮೊಮೊ ಅಸಲಿಯಾಗಿದ್ದರೆ ಕಡ್ಡಿಯ ಹಿಂಭಾಗದಲ್ಲಿ ಮಾದರಿಯ ಗುರುತು, ಅನುಮೋದನೆಯ ಸಂಖ್ಯೆ, ತಯಾರಾದ ದಿನ ಅಚ್ಚೊತ್ತಿರುತ್ತದೆ. ಹಿಂದೆ ಬೋಳಾಗಿದ್ದರೆ ಅನುಮಾನ ಪಡಿ.

ಅಳತೆ? ಪದ್ಮಿನಿ, ಅಂಬಾಸಿಡರ್, ಜೀಪುಗಳಿಗೆ 380 ಮಿಲಿಮೀಟರ್ ಅಂದರೆ 15 ಇಂಚಿಗಿಂತ ಕೆಳಗೆ ಇಳಿಯಬೇಡಿ. ಬಳೆ ಎಷ್ಟು ಹಿಂದಕ್ಕೆ, ಅಂದರೆ ನಿಮ್ಮ ಎದೆಯ ಕಡೆಗೆ ಬರುತ್ತದೆ ಎಂಬುದನ್ನೂ ನೋಡಬೇಕು. ಬಾಸ್‌ನ ಉದ್ದವೂ ಸ್ಟೇರಿಂಗ್ ಬಟ್ಟಲಿನಂತೆ ತಗ್ಗಿರುವ ಆಳವೂ ಸೇರಿ ಅದು ಕೆಲವೊಮ್ಮೆ ತುಂಬಾ ಹತ್ತಿರ ಬಂದುಬಿಡುತ್ತದೆ. ಸೀಟಿನಲ್ಲಿ ಬೆನ್ನು ಒರಗಿಸಿ ಕೂತು ಕೈ ಚಾಚಿದರೆ ಮಣಿಕಟ್ಟು ಬಳೆಯ ತುದಿಗೆ ತಾಗಬೇಕು. ಎದೆಗೂ ಸ್ಟೇರಿಂಗಿಗೂ ನಡುವೆ ಒಂದು ಗೇಣಿಗಿಂತ ಕಡಿಮೆ ಇರಲೇಬಾರದು. ಹಳೆಯ ಗಾಡಿಗಳ ಸ್ಟೇರಿಂಗ್ ಕಂಬ ಈಗಿನ ಕಾರುಗಳ ಹಾಗೆ ಗುದ್ದಿದಾಗ ಮಡಚಿಕೊಳ್ಳುವುದಿಲ್ಲ. ಹಾಗಾಗಿ ನಡುವೆ ಚೂಪಾದ ಲೋಹದ ಬಟನ್ ಇರುವುದಕ್ಕಿಂತ ಅಗಲವಾದ ಮೆತ್ತನೆಯ ಪ್ಯಾಡ್ ಇರುವುದು ವಾಸಿ.

ಚರ್ಮವಾ, ಮರವಾ? ನಮ್ಮ ಹವೆಗೆ ತೂತು ತೂತಿನ ಚರ್ಮ ಒಳ್ಳೆಯದು. ಬೆವರಿದರೂ ಜಾರುವುದಿಲ್ಲ. ಮಳೆಗಾಲದಲ್ಲಿ ಬೂಷ್ಟು ಬರುತ್ತದೆ ನಿಜ, ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರಸಿದರೆ ಸಾಕು. ಸ್ವೇಡ್ ಎಂಬ ಮಖಮಲ್ಲಿನಂಥ ಚರ್ಮ ನಮ್ಮಲ್ಲಿಗೆ ಆಗುವುದಿಲ್ಲ. ಬೆವರು ಕುಡಿದು ಜಿಡ್ಡಾಗುತ್ತದೆ, ಆಷಾಢ ಮುಗಿಯುವುದರೊಳಗೆ ಹಸಿರಾಗುತ್ತದೆ. ಹಳೆಯ ಗಾಡಿಗೆ ಮರದ ಬಳೆ ತುಂಬಾ ಒಪ್ಪುತ್ತದೆ. ಆದರೆ ಬೆವರಿದ ಕೈಗೆ ಜಾರುತ್ತದೆ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಊರಿನ ಆಚಾರಿಗಳ ಹತ್ತಿರ ಹಲಸಿನದೋ ಬೀಟೆಯದೋ ಬಳೆ ಮಾಡಿಸುವ ಆಸೆ ಬರಬಹುದು, ನನಗೂ ಬಂದಿತ್ತು. ಅವರ ಕೈಗೆಲಸದಲ್ಲಿ ಏನೂ ಕೊರತೆ ಇರುವುದಿಲ್ಲ. ಆದರೆ ಒಳ್ಳೆಯ ಮರದ ಸ್ಟೇರಿಂಗಿನ ನಡುವೆ ಸುತ್ತಲೂ ಲೋಹದ ಬಳೆ ಇರುತ್ತದೆ, ಮರ ಅದರ ಎರಡು ಬದಿಗೆ ಕೂತಿರುತ್ತದೆ. ಬರೀ ಮರದ ಬಳೆ ಗುದ್ದಿದ ಏಟಿಗೆ ಸೀಳಿ ಎದೆಗೆ ಚುಚ್ಚಬಹುದು.

ಯಾವ ಗಾಡಿಗೆ ಏನು?

ಅಂಬಾಸಿಡರಿಗೆ ಹೊಸದು ಹಾಕುವುದು ಸ್ವಲ್ಪ ಸುಲಭ. ಅದರದ್ದು ರ್‍ಯಾಕ್ ಆಂಡ್ ಪಿನಿಯನ್, ಅಂದರೆ ಹಲ್ಲಿನ ಪಟ್ಟಿಯನ್ನು ಚಿಕ್ಕ ಗೇರ್ ಸರಿಸುವ ಬಗೆ. ಮೀಟರುಗಳು ಹಳೆಯ ಮಾದರಿಗಳಲ್ಲಿ ಡ್ಯಾಶ್‌ಬೋರ್ಡಿನ ನಡುವೆ ಇರುವುದರಿಂದ ಸಣ್ಣ ಬಳೆ ಹಾಕಿದರೂ ಕಣ್ಣಿಗೆ ಅಡ್ಡ ಬರುವುದಿಲ್ಲ. ಗೇರ್ ಲಿವರ್ ಸ್ಟೇರಿಂಗ್ ಕಂಬದಲ್ಲೇ ಇರುವ ಗಾಡಿಯಾದರೆ ಮಾತ್ರ ಎಚ್ಚರ. ಬಳೆ ಎದೆಯ ಕಡೆಗೆ ಬಂದಷ್ಟೂ ಲಿವರಿಗೆ ಬೆರಳು ಎಟಕುವುದಿಲ್ಲ. ಚಿಕ್ಕಪ್ಪನ ಅಂಬಾಸಿಡರಿಗೆ 380ರ ಚರ್ಮದ್ದು ಹಾಕಿದ್ದೇವೆ, ಬಾಸ್ ಗಿಡ್ಡದ್ದನ್ನೇ ಆರಿಸಿ. ಚೆನ್ನಾಗಿದೆ.

ಪದ್ಮಿನಿಯಲ್ಲಿ ಮೀಟರ್ ಚಾಲಕನ ಎದುರಿಗೇ ಇದೆ. ಚಿಕ್ಕ ಬಳೆಯ ಮೇಲ್ತುದಿ ಸರಿಯಾಗಿ ಅದರ ಮುಂದೆ ಬಂದು ಕೂರುತ್ತದೆ. ಗೇರ್ ಕೂಡ ಹೆಚ್ಚಿನ ಗಾಡಿಗಳಲ್ಲಿ ಕಂಬದಲ್ಲೇ. ಇದಕ್ಕೆ ಅಸಲಿಯನ್ನು ರಿಪೇರಿ ಮಾಡಿಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಮುಳ್ಳೇರಿಯ, ಪೆರ್ಲದ ಕಡೆಯ ಗುಡ್ಡದ ದಾರಿಗಳಲ್ಲಿ ಓಡುವ ಮಹೀಂದ್ರ ಜೀಪಿಗೆ ದೊಡ್ಡ ಬಳೆಯೇ ಬೇಕು. ಕಲ್ಲಿಗೆ ಚಕ್ರ ತಾಗಿದಾಗ ಸ್ಟೇರಿಂಗ್ ಫಕ್ಕನೆ ತಿರುಗಿ ಕಡ್ಡಿ ಹೆಬ್ಬೆರಳಿಗೆ ಹೊಡೆಯುತ್ತದೆ. ಚಿಕ್ಕ ಬಳೆಯಲ್ಲಿ ಆ ಏಟನ್ನು ತಡೆದು ಹಿಡಿಯುವುದು ಇನ್ನೂ ಕಷ್ಟ. ಯಾವ ಸ್ಟೇರಿಂಗ್ ಇದ್ದರೂ ಅಂಥ ದಾರಿಯಲ್ಲಿ ಹೆಬ್ಬೆರಳನ್ನು ಬಳೆಯ ಒಳಗೆ ಸುತ್ತಬೇಡಿ, ಹೊರಗೇ ಇಡಿ.

ಮಾರುತಿ 800 ಮತ್ತು ಜಿಪ್ಸಿಗೆ ತಯಾರು ಬಾಸ್ ಸಿಗುತ್ತದೆ. 800ರ ಮುಂಭಾಗ ಹಗುರ, 350 ಕೂಡ ನಡೆಯುತ್ತದೆ. ಏರ್‌ಬ್ಯಾಗ್ ಇರುವ ಯಾವ ಗಾಡಿಗೂ ಈ ಕೆಲಸ ಬೇಡ.

ಕಾನೂನಿನ ಮಾತು

ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕೂ ಕಂಪೆನಿ ಕೊಟ್ಟದ್ದಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದಲೇ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಸ್ಟೇರಿಂಗ್ ಬಳೆಯ ಅಳತೆ ಆರ್‌ಸಿಯಲ್ಲಿ ಇರುವುದಿಲ್ಲ. ಆದರೆ 15 ವರ್ಷ ದಾಟಿದ ಗಾಡಿಯ ರಿನೀವಲಿಗೆ ಹೋದಾಗ ಬ್ರೇಕ್ ಇನ್ಸ್‌ಪೆಕ್ಟರ್ ಸ್ಟೇರಿಂಗ್ ಹಿಡಿದು ನೋಡುತ್ತಾರೆ. ಸ್ಟೇರಿಂಗಿನ ಲೂಸು (ಗಾಲಿ ತಿರುಗದೆ ಬಳೆ ಮಾತ್ರ ಸುಮ್ಮನೆ ಆಡುವಷ್ಟು) 30 ಡಿಗ್ರಿ ದಾಟಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. 400 ಮಿಲಿಮೀಟರಿನ ಬಳೆಯಲ್ಲಿ ಅದು ಸುಮಾರು 10 ಸೆಂಟಿಮೀಟರ್. ಅಷ್ಟು ಲೂಸಿದ್ದರೆ ನಿಮ್ಮ ದುಡ್ಡು ಹೋಗಬೇಕಾದದ್ದು ಹೊಸ ಬಳೆಗಲ್ಲ, ಬಾಲ್ ಜಾಯಿಂಟಿಗೆ, ಕಂಬದ ಕೆಳಗಿನ ಗೇರುಗಳಿರುವ ಸ್ಟೇರಿಂಗ್ ಬಾಕ್ಸಿಗೆ. ನನ್ನ ಪ್ರಕಾರ ಮೂರು ಬೆರಳು ದಾಟಿದರೇ ಮೇಸ್ತ್ರಿಯನ್ನು ಕಾಣಬೇಕು.

50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಿಂದ ಅವಕಾಶ ಇದೆ. ಅದಕ್ಕೆ ಗಾಡಿ ಅಸಲಿ ರೂಪದಲ್ಲೇ ಇರಬೇಕು. ಮುಂದೆ ಆ ಆಲೋಚನೆ ಇದ್ದರೆ ಹಳೆ ಸ್ಟೇರಿಂಗನ್ನು ಯಾರಿಗೂ ಕೊಡಬೇಡಿ.

ಹಾಕುವ ದಿನ

ಗಾಡಿಯನ್ನು ಸಮತಟ್ಟು ಜಾಗದಲ್ಲಿ, ಚಕ್ರ ನೇರ ಮಾಡಿ ನಿಲ್ಲಿಸಿ. ಬ್ಯಾಟರಿಯ ನೆಗೆಟಿವ್ ವಯರ್ ಕಳಚಿ. ಹಾರ್ನ್ ಬಟನ್ ತೆಗೆದು, ಶಾಫ್ಟಿಗೂ ಹಬ್‌ಗೂ ಸೇರಿ ಒಂದು ಗೆರೆ ಗುರುತು ಹಾಕಿ. ನಟ್ಟನ್ನು ಸಡಿಲ ಮಾಡಿ, ಪೂರ್ತಿ ತೆಗೆಯಬೇಡಿ. ಎರಡು ಸುತ್ತು ಬಿಡಿ. ಇಲ್ಲದಿದ್ದರೆ ಬಿಗಿ ಬಿಟ್ಟ ಸ್ಟೇರಿಂಗ್ ನೇರ ಮುಖಕ್ಕೆ ಬರುತ್ತದೆ. ಎಳೆಯಲು ಪುಲ್ಲರ್ ಬಳಸಿ. ಸುತ್ತಿಗೆ ಬೇಡ, ಅದರ ಏಟು ಕೆಳಗಿನ ಬೇರಿಂಗಿಗೂ ಸ್ಟೇರಿಂಗ್ ಬಾಕ್ಸಿಗೂ ಹೋಗುತ್ತದೆ.

ಹೊಸ ಬಾಸ್ ಕೂರಿಸುವಾಗ ಇಂಡಿಕೇಟರಿನ ಉಬ್ಬು ಸರಿಯಾದ ಬದಿಗೆ ಬಂದಿದೆಯಾ ನೋಡಿ. ಹಾರ್ನಿಗೆ ಸಾಮಾನ್ಯವಾಗಿ ಒಂದೇ ವಯರ್ ಬರುತ್ತದೆ, ಬಟನ್ ಒತ್ತಿದಾಗ ಅದು ಗಾಡಿಯ ಲೋಹದ ಮೈಗೆ ಅರ್ತ್ ಆಗುತ್ತದೆ. ಆ ವಯರ್ ಬಾಸ್‌ನ ಅಂಚಿಗೆ ಉಜ್ಜದ ಹಾಗೆ ಮೇಲೊಂದು ಸ್ಲೀವ್ ಹಾಕಿಸಿ. ಜೋಡಿ ಹಾರ್ನ್ ಇದ್ದರೆ ರಿಲೇ (ಹೆಚ್ಚು ಕರೆಂಟನ್ನು ಬಟನ್ನಿನ ಬದಲು ತಾನು ಹೊರುವ ಸ್ವಿಚ್ಚು) ಇರಲಿ. ನಡುವಿನ ನಟ್ಟಿಗೆ ಹೊಸ ವಾಷರ್ ಹಾಕಿ, ಗಾಡಿಯ ಮ್ಯಾನ್ಯುಯಲಿನಲ್ಲಿ ಹೇಳಿದಷ್ಟು ಟಾರ್ಕ್, ಅಂದರೆ ಬಿಗಿಯುವ ಬಲ ಕೊಡಿ. ಆರು ಬೋಲ್ಟುಗಳಿಗೆ ನೀಲಿ ಲಾಕ್‌ಟೈಟ್ (ಬೋಲ್ಟು ಸಡಿಲವಾಗದ ಹಾಗೆ ಹಿಡಿಯುವ ಅಂಟು) ಒಂದೊಂದು ಹನಿ ಬಿಟ್ಟು ಎದುರುಬದುರಾಗಿ ಬಿಗಿಯಿರಿ.

ಓಡಿಸಿದಾಗ ಗಾಡಿ ನೇರ ಹೋಗಿ ಕಡ್ಡಿ ಮಾತ್ರ ವಾರೆ ನಿಂತರೆ, ಬಳೆಯನ್ನು ಎರಡು ಹಲ್ಲು ತಿರುಗಿಸಿ ಹಾಕಿ ಮುಗಿಸುವುದು ಸುಲಭ. ಗುರುತು ಹಾಕಿದ ಜಾಗ ತಪ್ಪಿದ್ದರೆ ಹಾಗೆ ಮಾಡಬಹುದು. ಗುರುತು ಸರಿ ಇದ್ದೂ ವಾರೆ ಇದ್ದರೆ ಮಾಡಬೇಡಿ. ಪದ್ಮಿನಿಯದ್ದರಂಥ ವರ್ಮ್ ಬಗೆಯ (ತಿರುಪಿನಂಥ ಗೇರಿನ) ಸ್ಟೇರಿಂಗ್ ಬಾಕ್ಸ್ ನಡುವಿನಲ್ಲೇ ಅತಿ ಬಿಗಿ. ಅಲ್ಲಿಂದ ಆಚೀಚೆ ಲೂಸು ಜಾಸ್ತಿ. ಬಾಕ್ಸನ್ನು ನಡುವಿಗೆ ತಂದು, ಚಕ್ರಗಳನ್ನು ತಿರುಗಿಸುವ ಸರಳಾದ ಟೈ ರಾಡಿನಲ್ಲಿ ಚಕ್ರಗಳನ್ನು ಸರಿ ಮಾಡಿಸಬೇಕು.

ಮೊದಲ ದಿನ ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ, ವಯರ್ ಎಳೆಯುತ್ತದಾ, ಮೊಣಕಾಲಿಗೆ ತಾಗುತ್ತದಾ, ಇಂಡಿಕೇಟರ್ ಎರಡು ಬದಿಯೂ ಆಫ್ ಆಗುತ್ತದಾ ನೋಡಿ. ಒಂದು ವಾರ ಕಳೆದ ಮೇಲೆ ಬಟನ್ ತೆಗೆದು ನಟ್ಟನ್ನೂ ಬೋಲ್ಟುಗಳನ್ನೂ ಮತ್ತೊಮ್ಮೆ ಪರೀಕ್ಷಿಸಿ. ಬಿಚ್ಚಿದ ಅಸಲಿಯನ್ನು ಅದರ ನಟ್ಟು, ಹಾರ್ನ್ ಬಟನ್ ಸಮೇತ ಹಳೆ ಪಂಚೆಯಲ್ಲಿ ಸುತ್ತಿ, ಅಡುಗೆಮನೆಯ ಹೊಗೆ ಬಾರದ ಅಟ್ಟದಲ್ಲಿ ಮಲಗಿಸಿ ಇಡಿ. ಗೋಡೆಯ ಮೊಳೆಗೆ ತೂಗುಹಾಕಬೇಡಿ, ವರ್ಷಗಟ್ಟಲೆ ತೂಗಿದರೆ ಬಿರುಕಿನ ಜಾಗದಲ್ಲಿ ಬಾಯಿ ಬಿಡುತ್ತದೆ.